ಕಾಂಪೊನೆಂಟ್ ಒಳಗೆ ಕಾಂಪೊನೆಂಟ್: ಒಳಗೇ ಇಡಬೇಕಾ, ಹೊರಗಿಟ್ಟು ಕೊಂಡಿ ಹಾಕಬೇಕಾ?

ಒಂದು ನಾಟಕೋತ್ಸವದ ವೆಬ್‌ಸೈಟ್. ಹತ್ತು ದಿನದ ಉತ್ಸವ, ದಿನಕ್ಕೆ ಹನ್ನೆರಡು ಕಾರ್ಯಕ್ರಮ. ಬೆಳಗ್ಗೆ ಮಕ್ಕಳ ಶಿಬಿರ, ಮಧ್ಯಾಹ್ನ ಮಾತುಕತೆ, ಸಂಜೆ ನಾಟಕ. ಶುರುವಾಗಲು ಇನ್ನು ಎರಡೇ ದಿನ ಇರುವಾಗ ಅಲ್ಲಿನ ಕಚೇರಿಯಿಂದ ಫೋನ್ ಬಂತು. ಸೈಟಿಗೆ ಮಾಹಿತಿ ತುಂಬುವ ಮೇಡಂ ಕೇಳಿದರು: "ಸರ್, ಐದನೇ ದಿನದ ನಾಟಕ ಆರನೇ ದಿನಕ್ಕೆ ಹೋಗಿದೆ. ಎಳೆದು ಆ ಕಡೆ ಹಾಕೋಕೆ ಆಗ್ತಿಲ್ಲ. ಹೇಗೆ ಮಾಡೋದು?"

ನಾನು ಕಟ್ಟಿದ ರೀತಿಯಲ್ಲಿ ಅದಕ್ಕೆ ದಾರಿಯೇ ಇರಲಿಲ್ಲ. 'ದಿನ' ಎನ್ನುವ ಕಾಂಪೊನೆಂಟ್, ಅಂದರೆ ಕೆಲವು ಫೀಲ್ಡುಗಳನ್ನು (ಮಾಹಿತಿ ತುಂಬುವ ಖಾನೆಗಳನ್ನು) ಒಟ್ಟಿಗೆ ಇಟ್ಟ ಒಂದು ಗೂಡು. ಅದರ ಒಳಗೆ 'ಕಾರ್ಯಕ್ರಮ' ಎನ್ನುವ ಕಾಂಪೊನೆಂಟ್. ಅದರೊಳಗೆ ಸಮಯ, ಹೆಸರು, ತಂಡ, ನಿರ್ದೇಶಕರು, ಭಾಷೆ, ಅವಧಿ, ವೇದಿಕೆ, ಫೋಟೋ ಎಂದು ಎಂಟು ಫೀಲ್ಡು. ಒಂದೇ ದಿನದ ಕಾರ್ಯಕ್ರಮಗಳನ್ನು ಹಿಂದೆ ಮುಂದೆ ಮಾಡಬಹುದಿತ್ತು. ಒಂದು ದಿನದಿಂದ ಇನ್ನೊಂದು ದಿನಕ್ಕೆ ಸಾಗಿಸಲು ಆಗುತ್ತಿರಲಿಲ್ಲ. ಮೇಡಂ ಆರನೇ ದಿನದಲ್ಲಿ ಹೊಸ ಸಾಲು ತೆರೆದು, ಎಂಟೂ ಫೀಲ್ಡನ್ನು ಒಂದೊಂದಾಗಿ ಕಾಪಿ ಮಾಡಿ, ಫೋಟೋ ಮತ್ತೆ ಹುಡುಕಿ ಹಾಕಿ, ಐದನೇ ದಿನದಲ್ಲಿದ್ದದ್ದನ್ನು ಅಳಿಸಿದರು. ಆಮೇಲೆ ಇಂಗ್ಲಿಷ್ ಪುಟಕ್ಕೆ ಹೋಗಿ ಅದೇ ಕೆಲಸ ಇನ್ನೊಮ್ಮೆ ಮಾಡಿದರು. ಆ ವಾರದಲ್ಲಿ ಹೀಗೆ ಆರು ಬದಲಾವಣೆ ಬಂದವು.

ಮೂರು ಸಿಎಂಎಸ್‌ಗಳಲ್ಲಿ (ಕೋಡ್ ಮುಟ್ಟದೆ ಸೈಟಿಗೆ ಮಾಹಿತಿ ತುಂಬಲು ಬಿಡುವ ತಂತ್ರಾಂಶ) ಈ ಥರದ ಗೂಡಿನೊಳಗೆ ಗೂಡು ಕಟ್ಟಿದ್ದೇನೆ: ಸ್ಟ್ರಾಪಿ, ಡ್ರೂಪಲ್, ವರ್ಡ್‌ಪ್ರೆಸ್. "ಯಾವುದು ಒಳ್ಳೆಯದು?" ಎಂದು ಕೇಳುವವರು ಬಹಳ ಮಂದಿ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ತುಣುಕು ತನ್ನ ಪುಟ ಬಿಟ್ಟು ಬದುಕುತ್ತದಾ? ಯಾರಾದರೂ ಇದನ್ನೊಂದನ್ನೇ ಹುಡುಕುತ್ತಾರಾ? ಇದು ಜಾಗ ಬದಲಿಸುತ್ತದಾ? ಇನ್ನೊಂದು ಪುಟದಲ್ಲೂ ಕಾಣಿಸಬೇಕಾ? ನಾಲ್ಕರಲ್ಲಿ ಒಂದಕ್ಕೆ 'ಹೌದು' ಬಂದರೂ ಅದು ಕಾಂಪೊನೆಂಟ್ ಅಲ್ಲ, ಸ್ವಂತ ಎಂಟ್ರಿ, ಅಂದರೆ ಯಾವ ಪುಟದ ಒಳಗೂ ಸೇರದೆ ತಾನೇ ನಿಲ್ಲುವ ದಾಖಲೆ. ನನ್ನ ನಾಟಕೋತ್ಸವದ 'ಕಾರ್ಯಕ್ರಮ' ನಾಲ್ಕಕ್ಕೂ ಹೌದು ಎನ್ನುತ್ತಿತ್ತು. ನಾನು ಕೇಳಿಕೊಂಡಿರಲಿಲ್ಲ ಅಷ್ಟೇ.

ಇರುವುದು ಮೂರು ದಾರಿ

ಹೆಸರು ಒಂದೊಂದು ಸಿಎಂಎಸ್‌ನಲ್ಲಿ ಒಂದೊಂದು, ಆದರೆ ದಾರಿಗಳು ಮೂರೇ. ಒಂದು, ತುಣುಕನ್ನು ಪುಟದ ಒಳಗೇ ಇಡುವುದು. ಪುಟ ಅಳಿಸಿದರೆ ಅದೂ ಹೋಗುತ್ತದೆ. ಸ್ಟ್ರಾಪಿಯಲ್ಲಿ ಇದಕ್ಕೆ ಕಾಂಪೊನೆಂಟ್ ಎನ್ನುತ್ತಾರೆ, ವರ್ಡ್‌ಪ್ರೆಸ್‌ನ ಎಸಿಎಫ್ ಎಂಬ ಪ್ಲಗಿನ್‌ನಲ್ಲಿ ರಿಪೀಟರ್, ಡ್ರೂಪಲ್‌ನಲ್ಲಿ ಪ್ಯಾರಾಗ್ರಾಫ್. ಎರಡು, ತುಣುಕನ್ನು ಬೇರೆ ಎಂಟ್ರಿಯಾಗಿ ಇಟ್ಟು ಪುಟದಿಂದ ಕೊಂಡಿ ಹಾಕುವುದು. ಇದಕ್ಕೆ ರಿಲೇಷನ್ ಅಥವಾ ರೆಫರೆನ್ಸ್ ಎಂಬ ಹೆಸರು. ಮೂರು, ತುಂಬುವವರೇ ಬೇಕಾದ ತುಣುಕನ್ನು ಬೇಕಾದ ಕ್ರಮದಲ್ಲಿ ಜೋಡಿಸಿಕೊಳ್ಳಲಿ ಎಂದು ಒಂದು ಖಾಲಿ ಜಾಗ ಬಿಡುವುದು. ಸ್ಟ್ರಾಪಿಯ ಡೈನಾಮಿಕ್ ಝೋನ್, ಎಸಿಎಫ್‌ನ ಫ್ಲೆಕ್ಸಿಬಲ್ ಕಂಟೆಂಟ್, ವರ್ಡ್‌ಪ್ರೆಸ್‌ನ ಬ್ಲಾಕುಗಳು ಇದೇ ಜಾತಿ.

ತಪ್ಪು ಹೆಚ್ಚಾಗಿ ನಡೆಯುವುದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ. ಯಾಕೆಂದರೆ ಒಳಗೇ ಇಡುವುದು ನೋಡಲು ಚೆನ್ನಾಗಿರುತ್ತದೆ. ಡಿಸೈನಿನಲ್ಲಿ ದಿನದ ಪೆಟ್ಟಿಗೆಯೊಳಗೆ ಕಾರ್ಯಕ್ರಮದ ಪೆಟ್ಟಿಗೆ ಇದೆ, ಹಾಗಾಗಿ ಡೇಟಾದಲ್ಲೂ ಹಾಗೇ ಇರಲಿ ಅನ್ನಿಸುತ್ತದೆ. ಆದರೆ ಡಿಸೈನ್ ಹೇಳುವುದು ಪರದೆಯ ಮೇಲೆ ಏನು ಎಲ್ಲಿ ಕಾಣಬೇಕು ಎಂದು ಮಾತ್ರ. ಡೇಟಾ ಯಾರದ್ದು, ಎಲ್ಲಿ ಇರಬೇಕು ಅನ್ನುವುದನ್ನು ಅದು ಹೇಳುವುದಿಲ್ಲ.

ಸ್ಟ್ರಾಪಿ: ಕಟ್ಟುವುದು ಸಲೀಸು, ಕೇಳುವುದು ಕಷ್ಟ

ಸ್ಟ್ರಾಪಿಯ ಕಂಟೆಂಟ್ ಟೈಪ್ ಬಿಲ್ಡರ್‌ನಲ್ಲಿ ಕಾಂಪೊನೆಂಟ್ ಮಾಡಲು ಐದು ನಿಮಿಷ ಸಾಕು. ಒಂದು ಕ್ಯಾಟಗರಿ ಕೊಡಿ, ಹೆಸರು ಕೊಡಿ, ಫೀಲ್ಡುಗಳನ್ನು ಸೇರಿಸಿ. ಪುಟಕ್ಕೆ ಸೇರಿಸುವಾಗ ಒಂದೇ ಸಲ ಬೇಕಾ ಅಥವಾ ರಿಪೀಟಬಲ್ ಬೇಕಾ ಎಂದು ಕೇಳುತ್ತದೆ. ರಿಪೀಟಬಲ್ ಆದರೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂದೂ ಹೇಳಬಹುದು. ಗರಿಷ್ಠದ ಸಂಖ್ಯೆಯನ್ನು ಖಂಡಿತ ಕೊಡಿ. ಮುಖಪುಟದಲ್ಲಿ ಮೂರು ಬಟನ್‌ಗೆ ಮಾತ್ರ ಜಾಗ ಇದ್ದರೆ, ನಾಲ್ಕನೆಯದನ್ನು ಸೇರಿಸಲು ಬಿಡಬಾರದು.

ಒಂದೇ ಸಲ ಬರುವ ಕಾಂಪೊನೆಂಟ್‌ಗೆ ಒಳ್ಳೆಯ ಉದಾಹರಣೆ ಎಸ್‌ಇಒ ವಿವರ, ಅಂದರೆ ಸರ್ಚ್ ಎಂಜಿನ್‌ಗಾಗಿ ಬರೆಯುವ ವಿವರ. ಪುಟದ ಶೀರ್ಷಿಕೆ, ಸಣ್ಣ ವಿವರಣೆ, ಹಂಚಿಕೊಳ್ಳುವಾಗ ಕಾಣುವ ಚಿತ್ರ. ಎಲ್ಲ ಪುಟಕ್ಕೂ ಬೇಕು, ಎಲ್ಲದರಲ್ಲೂ ಒಂದೇ ರಚನೆ, ಆದರೆ ಯಾರೂ ಅದನ್ನೊಂದನ್ನೇ ಹುಡುಕುವುದಿಲ್ಲ. ವಿಳಾಸ, ಬಟನ್, ಪ್ರಶ್ನೆ ಮತ್ತು ಉತ್ತರದ ಜೋಡಿ, ಇವೂ ಹಾಗೆಯೇ. ಇಂಥದ್ದಕ್ಕೆ ಕಾಂಪೊನೆಂಟ್ ಬಿಟ್ಟು ಬೇರೇನೂ ಯೋಚಿಸಬೇಡಿ. ಬಟನ್‌ಗೆ ಬೇರೆ ಎಂಟ್ರಿ ಮಾಡಿದರೆ ತುಂಬುವವರಿಗೆ ಸುಮ್ನೆ ಕೆಲಸ ಜಾಸ್ತಿ.

ಒಳಗೊಳಗೆ ಹೋದಾಗ ಮೂರು ಕಡೆ ಕೈ ಸುಡುತ್ತದೆ. ಇವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕಟ್ಟುವಾಗ ಮೂರೂ ಕಣ್ಣಿಗೆ ಬೀಳುವುದಿಲ್ಲ.

ಮೊದಲನೆಯದು ಪಾಪ್ಯುಲೇಟ್, ಅಂದರೆ ಒಳಗಿರುವುದನ್ನೂ ಸೇರಿಸಿ ಕೊಡು ಎಂದು ಕೇಳುವ ಸೂಚನೆ. ಸ್ಟ್ರಾಪಿಯ ರೆಸ್ಟ್ ಎಪಿಐ (ಸೈಟು ಡೇಟಾ ಕೇಳಿ ಪಡೆಯುವ ಬಾಗಿಲು) ಕೇಳದೆ ಏನನ್ನೂ ಕೊಡುವುದಿಲ್ಲ. ಪುಟ ಕೇಳಿದರೆ ಅದರ ಸಾದಾ ಫೀಲ್ಡುಗಳು ಮಾತ್ರ ಬರುತ್ತವೆ. ಕಾಂಪೊನೆಂಟ್, ರಿಲೇಷನ್, ಫೋಟೋ, ಡೈನಾಮಿಕ್ ಝೋನ್ ಯಾವುದೂ ಬರುವುದಿಲ್ಲ. ಪಾಪ್ಯುಲೇಟ್‌ಗೆ ನಕ್ಷತ್ರ ಹಾಕಿದರೆ ಒಂದು ಮಟ್ಟ ಮಾತ್ರ ಇಳಿಯುತ್ತದೆ. ನನ್ನ ಉತ್ಸವದಲ್ಲಿ ನಕ್ಷತ್ರ ಹಾಕಿದಾಗ ಹತ್ತು ದಿನಗಳ ತಾರೀಕು ಬಂತು, ಒಂದು ಕಾರ್ಯಕ್ರಮವೂ ಬರಲಿಲ್ಲ. ಡೇಟಾ ಕಳೆದುಹೋಯಿತು ಅಂದುಕೊಂಡು ಹೆದರುವವರು ಇಲ್ಲೇ. ಅದು ಎಲ್ಲಿಗೂ ಹೋಗಿರುವುದಿಲ್ಲ. ದಿನದ ಒಳಗೆ ಕಾರ್ಯಕ್ರಮ, ಕಾರ್ಯಕ್ರಮದ ಒಳಗೆ ಫೋಟೋ ಎಂದು ಪ್ರತಿ ಮೆಟ್ಟಿಲನ್ನೂ ಹೆಸರು ಹೇಳಿ ಕೇಳಬೇಕು. ಡೈನಾಮಿಕ್ ಝೋನ್ ಆದರೆ ಸ್ಟ್ರಾಪಿ 5ರಲ್ಲಿ ಒಂದೊಂದು ಬಗೆಯ ಕಾಂಪೊನೆಂಟ್‌ಗೂ ಏನೇನು ಬೇಕು ಎಂದು ಬೇರೆ ಬೇರೆ ಬರೆಯಬೇಕು. ಎಲ್ಲವನ್ನೂ ತಳದವರೆಗೆ ತಂದುಕೊಡುವ ಪ್ಲಗಿನ್‌ಗಳಿವೆ. ಅವು ಬೇಡದ್ದನ್ನೂ ಹೊತ್ತು ತರುತ್ತವೆ. ಬೇಕಾದ್ದನ್ನು ಮಾತ್ರ ಕೈಯಾರೆ ಬರೆಯುವುದೇ ಲೇಸು.

ಎರಡನೆಯದು ಹುಡುಕಾಟ. ಮುಖಪುಟದಲ್ಲಿ 'ಇವತ್ತು ಸಂಜೆ ಆರರ ನಂತರ' ಎಂಬ ಪಟ್ಟಿ ಬೇಕು ಅಂದುಕೊಳ್ಳಿ. ಕಾಂಪೊನೆಂಟಿನ ಒಳಗಿನ ಫೀಲ್ಡಿನ ಮೇಲೆ ಫಿಲ್ಟರ್ ಹಾಕಲು ಸ್ಟ್ರಾಪಿ ಬಿಡುತ್ತದೆ. ಆದರೆ ಉತ್ತರವಾಗಿ ಬರುವುದು ಆ ಕಾರ್ಯಕ್ರಮವಲ್ಲ, ಅದನ್ನು ಒಳಗಿಟ್ಟುಕೊಂಡ ಇಡೀ ಉತ್ಸವದ ಎಂಟ್ರಿ. ಹತ್ತು ದಿನ, ನೂರಿಪ್ಪತ್ತು ಕಾರ್ಯಕ್ರಮ ಇಳಿಸಿಕೊಂಡು, ಬ್ರೌಸರ್‌ನಲ್ಲಿ ಸೋಸಿ, ನಾಲ್ಕನ್ನು ತೋರಿಸುವ ಕೋಡ್ ಬರೆದಿದ್ದೆ. ಮೊಬೈಲಿನಲ್ಲಿ ಪುಟ ನಿಧಾನ ಯಾಕೆ ಎಂದು ಕೇಳಿದವರಿಗೆ ಉತ್ತರ ಇದೇ ಆಗಿತ್ತು. ಡೈನಾಮಿಕ್ ಝೋನ್ ಆದರಂತೂ ಒಳಗಿನ ಫೀಲ್ಡಿನ ಮೇಲೆ ಫಿಲ್ಟರ್ ಹಾಕಲೇ ಬರುವುದಿಲ್ಲ.

ಮೂರನೆಯದು ಒಮ್ಮುಖದ ಕೊಂಡಿ. ಕಾರ್ಯಕ್ರಮದ ಕಾಂಪೊನೆಂಟ್ ಒಳಗೆ ಕಲಾವಿದರ ಕಲೆಕ್ಷನ್‌ಗೆ (ಒಂದೇ ಬಗೆಯ ಎಂಟ್ರಿಗಳ ಸಂಗ್ರಹ) ರಿಲೇಷನ್ ಹಾಕಬಹುದು. ಆದರೆ ಕಾಂಪೊನೆಂಟಿನಿಂದ ಹೊರಡುವ ರಿಲೇಷನ್ ಒಂದೇ ದಿಕ್ಕಿನದು. ಕಾರ್ಯಕ್ರಮ ನೋಡಿದರೆ ಕಲಾವಿದರು ಸಿಗುತ್ತಾರೆ. ಕಲಾವಿದರ ಪುಟ ತೆರೆದರೆ ಅವರು ಯಾವ ಯಾವ ದಿನ ಬರುತ್ತಾರೆ ಎಂದು ಸಿಗುವುದಿಲ್ಲ. ನಾಟಕದ ಸೈಟಿನಲ್ಲಿ ಜನ ಮೊದಲು ಒತ್ತುವುದೇ ನಟರ ಹೆಸರನ್ನು. ಅಲ್ಲಿ ಖಾಲಿ ಪುಟ ಕಂಡರೆ ಏನು ಪ್ರಯೋಜನ, ಅಲ್ವಾ?

ಸ್ಕ್ರಿಪ್ಟ್ ಬರೆದು ಡೇಟಾ ತಿದ್ದುವವರು ಇನ್ನೊಂದು ಮಾತು ನೆನಪಿಡಿ. ಎಪಿಐ ಮೂಲಕ ಒಂದು ಕಾರ್ಯಕ್ರಮದ ಸಮಯ ತಿದ್ದಬೇಕಾದರೆ ಆ ಒಂದನ್ನೇ ಕಳಿಸಬೇಡಿ. ರಿಪೀಟಬಲ್ ಪಟ್ಟಿಯಲ್ಲಿ ಏನನ್ನು ಕಳಿಸುತ್ತೀರೋ ಅದೇ ಹೊಸ ಪಟ್ಟಿ. ಕಳಿಸದೆ ಬಿಟ್ಟದ್ದು ಅಳಿಸಿ ಹೋಗುತ್ತದೆ. ಕಾಂಪೊನೆಂಟಿನ ಐಡಿಯನ್ನು ಎಲ್ಲೂ ಬರೆದಿಟ್ಟುಕೊಂಡು ನಂಬಬೇಡಿ. ಸ್ಟ್ರಾಪಿ 5ರಲ್ಲಿ ಡಾಕ್ಯುಮೆಂಟ್ ಐಡಿ ಗಟ್ಟಿ, ಅದು ಬದಲಾಗುವುದಿಲ್ಲ. ಕಾಂಪೊನೆಂಟ್‌ಗೆ ಆ ಭಾಗ್ಯ ಇಲ್ಲ, ಡ್ರಾಫ್ಟ್‌ನಲ್ಲಿ ಒಂದು ಸಂಖ್ಯೆ, ಪ್ರಕಟವಾದ ಪ್ರತಿಯಲ್ಲಿ ಇನ್ನೊಂದು.

ಡೈನಾಮಿಕ್ ಝೋನ್ ಎಲ್ಲಿ ಚೆನ್ನ? ಮುಖಪುಟ, 'ನಮ್ಮ ಬಗ್ಗೆ' ಪುಟ, ಲೇಖನದ ಮೈ. ಇವತ್ತು ಮೇಲೆ ಫೋಟೋ, ನಾಳೆ ವಿಡಿಯೋ, ನಡುವೆ ಒಂದು ಉಲ್ಲೇಖ ಎಂದು ಬದಲಾಗುತ್ತಲೇ ಇರುವ ಕಡೆ. ಒಂದು ಮಿತಿ ಇದೆ. ಝೋನ್ ಅನ್ನು ಪುಟದ ಮಟ್ಟದಲ್ಲಿ ಮಾತ್ರ ಇಡಬಹುದು, ಕಾಂಪೊನೆಂಟ್ ಒಳಗೆ ಇಡಲು ಆಗದು. 'ಎರಡು ಕಾಲಂ ಇರಲಿ, ಪ್ರತಿ ಕಾಲಂನಲ್ಲಿ ಏನು ಬೇಕಾದರೂ ಹಾಕುವಂತಿರಲಿ' ಎಂದು ಡಿಸೈನರ್ ಕೇಳಿದರೆ ಸ್ಟ್ರಾಪಿಯಲ್ಲಿ ನೇರ ದಾರಿ ಇಲ್ಲ. ನನಗೆ ಇದು ಒಳ್ಳೆಯ ಮಿತಿಯಾಗಿಯೇ ಕಾಣುತ್ತದೆ. ಅಂಥ ಕೇಳಿಕೆ ಬಂದಾಗ ಕೂತು ಮಾತಾಡಿದರೆ ಹೆಚ್ಚಿನ ಸಲ ಬೇಕಾದದ್ದು ಎರಡು ಮೂರು ಬಗೆ ಮಾತ್ರ ಇರುತ್ತದೆ.

ಡ್ರೂಪಲ್: ಭಾಷೆ ಎರಡಿದ್ದರೆ ಇಲ್ಲಿ ನಿಲ್ಲಿ

ಡ್ರೂಪಲ್‌ನಲ್ಲಿ ಈ ಕೆಲಸಕ್ಕೆ ಪ್ಯಾರಾಗ್ರಾಫ್ಸ್ ಎಂಬ ಮಾಡ್ಯೂಲ್ ಇದೆ. ಹೆಸರು ನೋಡಿ ಬರೀ ಪಠ್ಯದ ತುಂಡು ಅಂದುಕೊಳ್ಳಬೇಡಿ. ಇಲ್ಲಿ ಪ್ರತಿ ಪ್ಯಾರಾಗ್ರಾಫ್ ಒಂದು ಪೂರ್ತಿ ಎಂಟಿಟಿ. ತನ್ನದೇ ಐಡಿ, ತನ್ನದೇ ರಿವಿಷನ್, ತನ್ನ ಅಪ್ಪ ಯಾರು, ಅಪ್ಪನ ಯಾವ ಫೀಲ್ಡಿನಲ್ಲಿ ತಾನಿದ್ದೇನೆ ಎಂಬ ಲೆಕ್ಕ ಎಲ್ಲ ಅದರ ಬಳಿ ಇರುತ್ತದೆ. ಹಾಗಾಗಿ ಡ್ರೂಪಲ್‌ನಲ್ಲಿ ಪಟ್ಟಿಗಳನ್ನು ಮಾಡುವ ವ್ಯೂಸ್‌ನಲ್ಲಿ ಪ್ಯಾರಾಗ್ರಾಫ್‌ಗಳನ್ನೇ ಪಟ್ಟಿ ಮಾಡಬಹುದು. 'ಆರರ ನಂತರದ ಕಾರ್ಯಕ್ರಮ' ಎಂಬ ಪ್ರಶ್ನೆಗೆ ಸ್ಟ್ರಾಪಿಯ ಕಾಂಪೊನೆಂಟ್‌ಗಿಂತ ಇಲ್ಲಿ ನೆಟ್ಟಗೆ ಉತ್ತರ ಸಿಗುತ್ತದೆ.

ರಿವಿಷನ್‌ನ ಅನುಕೂಲ ದೊಡ್ಡದು. ಪುಟದ ಹಳೆಯ ಆವೃತ್ತಿಗೆ ಮರಳಿದರೆ ಒಳಗಿನ ಗೂಡುಗಳೂ ಹಾಗೇ ಮರಳುತ್ತವೆ. ಅದಕ್ಕೆ ಕೊಡುವ ಬೆಲೆಯೂ ಇದೆ. ಹತ್ತು ದಿನ, ನೂರಿಪ್ಪತ್ತು ಕಾರ್ಯಕ್ರಮ ಎಂದರೆ 130 ಪ್ಯಾರಾಗ್ರಾಫ್. ಪುಟದಲ್ಲಿ ಒಂದು ಒತ್ತಕ್ಷರ ತಿದ್ದಿ ಹೊಸ ರಿವಿಷನ್ ಉಳಿಸಿದರೆ ಒಳಗಿನ 130ಕ್ಕೂ ಹೊಸ ರಿವಿಷನ್. ದಿನಕ್ಕೆ ಹತ್ತು ಸಲ ತಿದ್ದುವ ಪುಟಕ್ಕೆ ಲೆಕ್ಕ ಹಾಕಿ ನೋಡಿ. ಅಪ್ಪ ಇಲ್ಲದೆ ಉಳಿದ ಅನಾಥ ಪ್ಯಾರಾಗ್ರಾಫ್‌ಗಳನ್ನು ಗುಡಿಸಿ ಹಾಕಲು ಎಂಟಿಟಿ ರೆಫರೆನ್ಸ್ ರಿವಿಷನ್ಸ್ ಮಾಡ್ಯೂಲಿನಲ್ಲೇ ಒಂದು ಪುಟವಿದೆ. ವರ್ಷಕ್ಕೊಮ್ಮೆಯಾದರೂ ಅಲ್ಲಿ ಹೋಗಿ ಬನ್ನಿ.

ಈಗ ಭಾಷೆಯ ವಿಷಯ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಸೈಟ್ ಮಾಡುವವರು ಇದನ್ನು ನಿಧಾನವಾಗಿ ಓದಿ. ಭಾಷಾಂತರದ ಸೆಟ್ಟಿಂಗ್ ಪುಟದಲ್ಲಿ ಪ್ರತಿ ಫೀಲ್ಡಿನ ಪಕ್ಕ ಒಂದು ಟಿಕ್ ಇರುತ್ತದೆ, ಈ ಫೀಲ್ಡ್ ಭಾಷಾಂತರ ಆಗಬೇಕಾ ಎಂದು. ಸಹಜವಾಗಿ ಎಲ್ಲದಕ್ಕೂ ಟಿಕ್ ಹಾಕುತ್ತೇವೆ. ಹಾಕಬಾರದು. ಪುಟದಲ್ಲಿ ಪ್ಯಾರಾಗ್ರಾಫ್‌ಗಳನ್ನು ಹಿಡಿದಿಟ್ಟ ಹೊರಗಿನ ಫೀಲ್ಡಿಗೆ ಟಿಕ್ ಇರಬಾರದು. ಪ್ಯಾರಾಗ್ರಾಫ್ ಒಳಗಿನ ಶೀರ್ಷಿಕೆ, ವಿವರ ಮೊದಲಾದ ಪಠ್ಯದ ಫೀಲ್ಡುಗಳಿಗೆ ಇರಬೇಕು. ಗೂಡಿನೊಳಗೆ ಗೂಡು ಇದ್ದರೆ ಪ್ರತಿ ಮಟ್ಟದಲ್ಲೂ ಇದೇ ನಿಯಮ: ಹಿಡಿದಿಡುವ ಫೀಲ್ಡಿಗೆ ಬೇಡ, ಬರೆಯುವ ಫೀಲ್ಡಿಗೆ ಬೇಕು. ಆ ಪುಟದಲ್ಲೇ ಎಚ್ಚರಿಕೆಯ ಸಾಲು ಕಾಣಿಸುತ್ತದೆ. ಉದ್ದ ಪಟ್ಟಿಯಲ್ಲಿ ಅದು ಕಣ್ಣು ತಪ್ಪಿಸಿಕೊಳ್ಳುತ್ತದೆ.

ಹೀಗೆ ಮಾಡಿದಾಗ ರಚನೆ ಎರಡೂ ಭಾಷೆಗೆ ಒಂದೇ. ಕನ್ನಡ ಪುಟದಲ್ಲಿ ಐದು ತುಣುಕಿದ್ದರೆ ಇಂಗ್ಲಿಷ್‌ನಲ್ಲೂ ಅದೇ ಐದು, ಅದೇ ಕ್ರಮ. ಕಾರ್ಯಕ್ರಮದ ಪಟ್ಟಿಗೆ ನನಗೆ ಬೇಕಾದದ್ದು ಇದೇ. ನಾಟಕದ ಸಮಯವನ್ನು ಕನ್ನಡದಲ್ಲಿ ತಿದ್ದಿದರೆ ಇಂಗ್ಲಿಷ್‌ನಲ್ಲೂ ತಿದ್ದಿರಬೇಕು, ಅಲ್ವಾ? ಸಮಯದ ಫೀಲ್ಡಿಗೆ ಟಿಕ್ ಹಾಕದೆ ಬಿಟ್ಟರೆ ಅದು ತಾನಾಗಿ ಆಗುತ್ತದೆ. ಆದರೆ ಕನ್ನಡದ ಪುಟ ಉದ್ದ, ಇಂಗ್ಲಿಷ್ ಪುಟ ಬರೀ ಸಾರಾಂಶ ಎನ್ನುವ ಸೈಟುಗಳಿವೆ. ಅಲ್ಲಿ ರಚನೆಯೇ ಬೇರೆ ಆಗಬೇಕು. ಅದಕ್ಕೆ ಪ್ಯಾರಾಗ್ರಾಫ್ಸ್ ಅಸಿಮೆಟ್ರಿಕ್ ಟ್ರಾನ್ಸ್‌ಲೇಷನ್ ವಿಜೆಟ್ಸ್ ಎಂಬ ಬೇರೆ ಮಾಡ್ಯೂಲ್ ಬೇಕು. ಈ ತೀರ್ಮಾನ ಮೊದಲ ಪುಟ ತುಂಬುವ ಮೊದಲೇ ಆಗಬೇಕು. ಇನ್ನೂರು ಪುಟ ತುಂಬಿದ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಮನೆ ಕಟ್ಟಿ ಮುಗಿಸಿ ಪಾಯ ಬದಲಿಸಿದ ಹಾಗೆ.

2019ರ ಮೇನಲ್ಲಿ ಬಂದ ಡ್ರೂಪಲ್ 8.7ರಲ್ಲಿ ಲೇಔಟ್ ಬಿಲ್ಡರ್ ಕೋರ್‌ನ ಸ್ಥಿರ ಭಾಗವಾಯಿತು. ಪುಟದ ವಿನ್ಯಾಸವನ್ನು ಎಳೆದು ಜೋಡಿಸುವ ಕೆಲಸಕ್ಕೆ ಅದು ಹಿಡಿಸುತ್ತದೆ. ಡೇಟಾ ಒಂದೇ ಅಚ್ಚಿನಲ್ಲಿ ಬರಬೇಕಾದ ಕಡೆ ನಾನು ಪ್ಯಾರಾಗ್ರಾಫ್ಸ್‌ಗೇ ಹೋಗುತ್ತೇನೆ. ಸಾಗಿಸುವ ವಿಷಯದಲ್ಲೂ ಒಂದು ಸಮಾಧಾನ ಇದೆ. ಸಾರ್ಟಬಲ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ ಹಾಕಿದರೆ ಪ್ಯಾರಾಗ್ರಾಫ್ಸ್‌ನ ವಿಜೆಟ್‌ನಲ್ಲಿ ಎಳೆದು ಬಿಡುವ ವಿಧಾನ ತೆರೆದುಕೊಳ್ಳುತ್ತದೆ. ಒಳಗಿನ ತುಣುಕನ್ನು ಒಂದು ಗೂಡಿನಿಂದ ಇನ್ನೊಂದಕ್ಕೆ ಎಳೆಯಬಹುದು.

ವರ್ಡ್‌ಪ್ರೆಸ್: ಬ್ಲಾಕ್ ಒಂದು ದಾರಿ, ಎಸಿಎಫ್ ಇನ್ನೊಂದು

2018ರ ಡಿಸೆಂಬರ್ 6ರಂದು ಬಂದ ವರ್ಡ್‌ಪ್ರೆಸ್ 5.0ರಿಂದ ಬ್ಲಾಕ್ ಎಡಿಟರ್ ಇದೆ. ಗ್ರೂಪ್ ಒಳಗೆ ಕಾಲಂ, ಕಾಲಂ ಒಳಗೆ ಚಿತ್ರ, ಬಟನ್. ಗೂಡಿನೊಳಗೆ ಗೂಡು ಇಲ್ಲಿ ಹುಟ್ಟುಗುಣ. ಲಿಸ್ಟ್ ವ್ಯೂ ತೆರೆದರೆ ಇಡೀ ಪುಟ ಮರದ ಹಾಗೆ ಕಾಣುತ್ತದೆ, ಯಾವ ಬ್ಲಾಕನ್ನು ಬೇಕಾದರೂ ಯಾವ ಕೊಂಬೆಗೆ ಬೇಕಾದರೂ ಎಳೆಯಬಹುದು. ನಮ್ಮ ಮೇಡಂ ಕೇಳಿದ್ದು ಇಲ್ಲಿ ಸುಲಭವಾಗಿ ಆಗುತ್ತಿತ್ತು.

ಸ್ವಂತ ಬ್ಲಾಕ್ ಬರೆಯುವಾಗ ಒಳಗಿನ ಬ್ಲಾಕುಗಳಿಗೆ ಇನ್ನರ್‌ಬ್ಲಾಕ್ಸ್ ಬಳಸುತ್ತೇವೆ. ಒಂದು ಬ್ಲಾಕಿನಲ್ಲಿ ಒಂದೇ ಇನ್ನರ್‌ಬ್ಲಾಕ್ಸ್ ಇರಬಹುದು. ಎಡಕ್ಕೊಂದು ಬಲಕ್ಕೊಂದು ಗೂಡು ಬೇಕಾದರೆ ನಡುವೆ ಮಗು ಬ್ಲಾಕುಗಳನ್ನು ಮಾಡಬೇಕು. ಒಳಗೆ ಯಾವ ಬ್ಲಾಕಿಗೆ ಅವಕಾಶ, ಮೊದಲೇ ಯಾವುದು ತುಂಬಿರಬೇಕು, ಜಾಗ ಬದಲಿಸಲು ಬಿಡಬೇಕಾ ಎಂದು ಬೀಗ ಹಾಕಬಹುದು. ಬೀಗ ಹಾಕುವುದನ್ನು ಮರೆಯಬೇಡಿ. ಪಠ್ಯ ತಿದ್ದಲು ಮಾತ್ರ ಬಿಡುವ ಬೀಗವೂ ಇದೆ, ಕಚೇರಿಯವರ ಕೈಗೆ ಪುಟ ಕೊಡುವಾಗ ನನಗೆ ಅದೇ ಹೆಚ್ಚು ಇಷ್ಟ.

ಆದರೆ ಬ್ಲಾಕಿನ ಡೇಟಾ ಎಲ್ಲಿರುತ್ತದೆ ಗೊತ್ತಾ? ಪೋಸ್ಟಿನ ಮೈಯಲ್ಲೇ, ಎಚ್‌ಟಿಎಂಎಲ್ ಕಾಮೆಂಟುಗಳ ನಡುವೆ, ಒಂದೇ ಉದ್ದನೆಯ ಪಠ್ಯವಾಗಿ. 'ಆರರ ನಂತರದ ನಾಟಕ' ಎಂದು ಡೇಟಾಬೇಸನ್ನು ಕೇಳಲು ಅಲ್ಲಿ ಫೀಲ್ಡೇ ಇಲ್ಲ. ಇನ್ನೊಂದು ತೊಂದರೆ ಒಂದು ವರ್ಷದ ಮೇಲೆ ಬರುತ್ತದೆ. ನಿಮ್ಮ ಬ್ಲಾಕಿನ ಎಚ್‌ಟಿಎಂಎಲ್ ಬದಲಿಸುತ್ತೀರಿ, ಹಳೆಯ ಪುಟ ತೆರೆದಾಗ ಈ ಬ್ಲಾಕಿನಲ್ಲಿ ಸರಿಯಿಲ್ಲದ ವಿಷಯ ಇದೆ ಎಂಬ ಸಂದೇಶ ಬರುತ್ತದೆ. ಹಳೆಯ ರೂಪವನ್ನು ಡೆಪ್ರಿಕೇಟೆಡ್ ಎಂದು ಕೋಡಿನಲ್ಲೇ ಉಳಿಸಿಕೊಳ್ಳಬೇಕು, ಇಲ್ಲವೇ ಮೊದಲಿಂದಲೇ ಪಿಎಚ್‌ಪಿಯಿಂದ (ವರ್ಡ್‌ಪ್ರೆಸ್ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಮೂಡುವ ಡೈನಾಮಿಕ್ ಬ್ಲಾಕ್ ಮಾಡಬೇಕು. ಗೂಡುಗಳಿರುವ ಬ್ಲಾಕಿಗೆ ಎರಡನೆಯದನ್ನೇ ಮಾಡಿ.

ಎಸಿಎಫ್, ಅಂದರೆ ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್, ಬೇರೆ ಲೋಕ. ಅದರ ಪ್ರೊ ಆವೃತ್ತಿಯಲ್ಲಿ ರಿಪೀಟರ್ ಮತ್ತು ಫ್ಲೆಕ್ಸಿಬಲ್ ಕಂಟೆಂಟ್ ಇವೆ. ರಿಪೀಟರ್ ಒಳಗೆ ರಿಪೀಟರ್, ಅದರ ಒಳಗೆ ಫ್ಲೆಕ್ಸಿಬಲ್ ಕಂಟೆಂಟ್ ಎಂದು ಎಷ್ಟು ಒಳಗೆ ಬೇಕಾದರೂ ಹೋಗಬಹುದು. ಸ್ಟ್ರಾಪಿ ಝೋನ್‌ಗೆ ಇರುವ ತಡೆ ಇಲ್ಲಿಲ್ಲ. ಫಾರ್ಮ್ ಅಚ್ಚುಕಟ್ಟಾಗಿರುತ್ತದೆ, ತುಂಬುವವರು ಬೇಗ ಕಲಿಯುತ್ತಾರೆ. ಉತ್ಸವದ ಸೈಟನ್ನು ನಾನು ಮೊದಲ ವರ್ಷ ಕಟ್ಟಿದ್ದು ಇದರಲ್ಲೇ, ಸ್ಟ್ರಾಪಿಗೆ ಹೋದದ್ದು ಆಮೇಲೆ.

ಒಳಗೆ ನಡೆಯುವುದನ್ನು ನೋಡೋಣ. ಎಸಿಎಫ್ ಪ್ರತಿ ಒಳ ಫೀಲ್ಡನ್ನೂ ಪೋಸ್ಟ್‌ಮೆಟಾ ಟೇಬಲ್ಲಿನಲ್ಲಿ ಬೇರೆ ಸಾಲಾಗಿ ಇಡುತ್ತದೆ. ಹೆಸರಿನಲ್ಲೇ ಸಾಲಿನ ಸಂಖ್ಯೆ ಹೊಸೆದಿರುತ್ತದೆ: ದಿನ, ಅಡಿಗೆರೆ, 4, ಅಡಿಗೆರೆ, ಕಾರ್ಯಕ್ರಮ, ಅಡಿಗೆರೆ, 7, ಅಡಿಗೆರೆ, ಸಮಯ. ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ ಇದು ಐದನೇ ದಿನದ ಎಂಟನೇ ಕಾರ್ಯಕ್ರಮದ ಸಮಯ. ಇದರ ಜೊತೆಗೆ ಯಾವ ಫೀಲ್ಡು ಎಂದು ಗುರುತಿಸಲು ಇನ್ನೊಂದು ಸಾಲು. ಹತ್ತು ದಿನ, ದಿನಕ್ಕೆ ಹನ್ನೆರಡು ಕಾರ್ಯಕ್ರಮ, ತಲಾ ಎಂಟು ಫೀಲ್ಡು ಎಂದರೆ 960 ಬೆಲೆಗಳು (ವ್ಯಾಲ್ಯೂ), 1,920 ಸಾಲುಗಳು. ಅದೂ ಒಂದೇ ಪುಟಕ್ಕೆ. ಮೆಟಾ ಬೆಲೆಯ ಕಾಲಂಗೆ ವರ್ಡ್‌ಪ್ರೆಸ್ ಕೋರ್‌ನಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಇಲ್ಲ, ಹಾಗಾಗಿ ಅದರಲ್ಲಿ ಹುಡುಕುವುದು ನಿಧಾನ.

ಆ ಮೊದಲ ವರ್ಷ ನಡೆದದ್ದು ಇದು. ಮೇಡಂ ಒಂಬತ್ತನೇ ದಿನದವರೆಗೆ ತುಂಬಿದ್ದರು, ಎಲ್ಲ ಸರಿ ಇತ್ತು. ಹತ್ತನೇ ದಿನ ತುಂಬಿ ಅಪ್‌ಡೇಟ್ ಒತ್ತಿದರು. ಪುಟ ಉಳಿಯಿತು, ಹಸಿರು ಸಂದೇಶವೂ ಬಂತು. ಸೈಟಿನಲ್ಲಿ ನೋಡಿದರೆ ಹತ್ತನೇ ದಿನದ ಕೊನೆಯ ಕಾರ್ಯಕ್ರಮಗಳೇ ಇಲ್ಲ. ಮತ್ತೆ ತುಂಬಿದರು, ಮತ್ತೆ ಮಾಯ. ಮೂರು ಸಲ ಆದ ಮೇಲೆ ಫೋನ್ ಮಾಡಿದರು, ದನಿಯಲ್ಲಿ ಅಳು ಇತ್ತು. ತಾವೇ ಏನೋ ತಪ್ಪು ಮಾಡುತ್ತಿದ್ದೇವೆ ಅಂದುಕೊಂಡಿದ್ದರು.

ಅವರ ತಪ್ಪು ಏನೂ ಇರಲಿಲ್ಲ. ಪಿಎಚ್‌ಪಿಯಲ್ಲಿ ಮ್ಯಾಕ್ಸ್ ಇನ್‌ಪುಟ್ ವಾರ್ಸ್ ಎಂಬ ಸೆಟ್ಟಿಂಗ್ ಇದೆ. ಒಂದು ಫಾರ್ಮಿನಿಂದ ಎಷ್ಟು ಬೆಲೆಗಳನ್ನು ತೆಗೆದುಕೊಳ್ಳಬೇಕು ಎಂಬ ಮಿತಿ ಅದು. ಬೇರೆ ಏನೂ ಬರೆಯದಿದ್ದರೆ 1,000. ನಮ್ಮ 960, ಪ್ರತಿ ದಿನದ ತಾರೀಕು ಮತ್ತು ಶೀರ್ಷಿಕೆ, ವರ್ಡ್‌ಪ್ರೆಸ್ ತಾನೇ ಕಳಿಸುವ ಅಡಗಿದ ಫೀಲ್ಡುಗಳು ಎಲ್ಲ ಸೇರಿ ಸಾವಿರ ದಾಟಿತು. ದಾಟಿದ್ದನ್ನು ಪಿಎಚ್‌ಪಿ ಬಿಟ್ಟುಬಿಡುತ್ತದೆ. ಸರ್ವರಿನ ಲಾಗ್‌ನಲ್ಲಿ ಒಂದು ಎಚ್ಚರಿಕೆ ಬರೆದಿತ್ತು, ತುಂಬುವವರಿಗೆ ಏನೂ ಕಾಣಲಿಲ್ಲ. ಮಿತಿಯನ್ನು 5,000ಕ್ಕೆ ಏರಿಸಿದ ಮೇಲೆ ಸರಿಹೋಯಿತು. ನೀವು ಎಸಿಎಫ್‌ನಲ್ಲಿ ರಿಪೀಟರ್ ಒಳಗೆ ರಿಪೀಟರ್ ಇಡುವುದಾದರೆ ಮೊದಲ ದಿನವೇ ಈ ಗುಣಾಕಾರ ಮಾಡಿ, ಸರ್ವರಿನ ಸಂಖ್ಯೆ ನೋಡಿ. ಇಂಥ ಕಡೆ ಮಾಹಿತಿ ಸದ್ದಿಲ್ಲದೆ ಹೋಗುತ್ತದೆ.

ಉಳಿದವು, ಎರಡು ಮಾತಿನಲ್ಲಿ

ಕಂಟೆಂಟ್‌ಫುಲ್ ಎಂಬ ಸಿಎಂಎಸ್‌ನಲ್ಲಿ ಒಳಗೆ ಇಡುವ ಕಾಂಪೊನೆಂಟ್ ಎಂಬುದೇ ಇಲ್ಲ ಅನ್ನಬಹುದು. ಎಲ್ಲವೂ ಬೇರೆ ಎಂಟ್ರಿ, ಎಲ್ಲವೂ ರೆಫರೆನ್ಸ್. ಮೇಲಿನ ನಾಲ್ಕು ಪ್ರಶ್ನೆಗೆ 'ಹೌದು' ಬರುವ ಡೇಟಾಗೆ ಅದು ಹೇಳಿ ಮಾಡಿಸಿದ್ದು. ಸಣ್ಣ ಬಟನ್‌ಗೂ ಎಂಟ್ರಿ ಮಾಡಬೇಕಾಗಿ ಬರುವುದು ಬೇಸರ. ಪುಟ ಪ್ರಕಟಿಸಿ ಒಳಗಿನ ಎಂಟ್ರಿಯನ್ನು ಪ್ರಕಟಿಸದಿದ್ದರೆ ಆ ಜಾಗ ಖಾಲಿ ಕಾಣುತ್ತದೆ. ರೆಸ್ಟ್ ಎಪಿಐಯಲ್ಲಿ ಎಷ್ಟು ಮಟ್ಟದ ಕೊಂಡಿ ಬೇಕು ಎಂದು ಹೇಳಬಹುದು. ಹೇಳದಿದ್ದರೆ 1, ಹೆಚ್ಚೆಂದರೆ 10.

ಪೇಲೋಡ್ ಎಂಬ ಸಿಎಂಎಸ್‌ನಲ್ಲಿ ಎಲ್ಲ ರಚನೆಯನ್ನೂ ಟೈಪ್‌ಸ್ಕ್ರಿಪ್ಟ್ ಕೋಡಿನಲ್ಲಿ ಬರೆಯುತ್ತೇವೆ. ಅರೇ ಮತ್ತು ಬ್ಲಾಕ್ಸ್ ಎಂಬ ಎರಡು ಫೀಲ್ಡು, ಒಂದರೊಳಗೆ ಒಂದು ಹೇಗೆ ಬೇಕಾದರೂ ಸೇರುತ್ತವೆ. ಡೆವಲಪರ್‌ಗೆ ಹಿತ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಬಳಸುವವರು ಒಂದು ಗಮನಿಸಿ: ಪ್ರತಿ ಗೂಡಿಗೂ ಟೇಬಲ್ ಹುಟ್ಟುತ್ತದೆ, ಟೇಬಲ್ಲಿನ ಹೆಸರು ಗೂಡಿನ ದಾರಿಯನ್ನೆಲ್ಲ ಹೊತ್ತು ಉದ್ದವಾಗುತ್ತದೆ, ಪೋಸ್ಟ್‌ಗ್ರೆಸ್‌ನಲ್ಲಿ ಹೆಸರಿಗೆ 63 ಬೈಟುಗಳ ಮಿತಿ ಇದೆ. ಆಳದ ಗೂಡುಗಳಿಗೆ ಡಿಬಿ ನೇಮ್ ಎಂಬ ಆಯ್ಕೆಯಲ್ಲಿ ಚಿಕ್ಕ ಹೆಸರು ಕೊಟ್ಟುಬಿಡಿ.

ತುಂಬುವವರ ಪರದೆ

ಯಾವುದನ್ನೇ ಆರಿಸಿ, ಕಟ್ಟಿದ ಮೇಲೆ ಒಂದು ಕೆಲಸ ಮಾಡಿ. ಹನ್ನೆರಡು ಸಾಲು ತುಂಬಿ, ಎಲ್ಲವನ್ನೂ ಮುಚ್ಚಿ ನೋಡಿ. ಮುಚ್ಚಿದ ಸಾಲಿನ ಮೇಲೆ ಏನು ಕಾಣುತ್ತದೆ? ನನ್ನ ಮೊದಲ ಸ್ಟ್ರಾಪಿ ಪರದೆಯಲ್ಲಿ ಹನ್ನೆರಡೂ ಸಾಲು 'ನಾಟಕ', 'ನಾಟಕ', 'ನಾಟಕ' ಎಂದು ನಿಂತಿದ್ದವು. ಯಾವುದು ಯಾವ ನಾಟಕ ಎಂದು ತಿಳಿಯಲು ಒಂದೊಂದನ್ನೂ ತೆರೆಯಬೇಕಿತ್ತು. ಸ್ಟ್ರಾಪಿಯಲ್ಲಿ ವ್ಯೂ ಕಾನ್ಫಿಗರ್ ಮಾಡುವ ಕಡೆ ಎಂಟ್ರಿ ಟೈಟಲ್ ಯಾವ ಫೀಲ್ಡು ಎಂದು ಆರಿಸಬಹುದು. ಎಸಿಎಫ್ ರಿಪೀಟರ್‌ನಲ್ಲಿ ಕೊಲ್ಯಾಪ್ಸ್ಡ್ ಎಂಬ ಸೆಟ್ಟಿಂಗ್ ಇದೆ. ಡ್ರೂಪಲ್‌ನ ಪ್ಯಾರಾಗ್ರಾಫ್ಸ್ ವಿಜೆಟ್‌ನಲ್ಲಿ ಮುಚ್ಚಿದಾಗ ಸಾರಾಂಶ ತೋರಿಸಬೇಕಾ, ಪ್ರಿವ್ಯೂ ತೋರಿಸಬೇಕಾ ಎಂದು ಹೇಳಬಹುದು. ಒಂದೇ ನಿಮಿಷದ ಕೆಲಸ. ದಿನವಿಡೀ ಆ ಪರದೆಯ ಮುಂದೆ ಕೂರುವವರಿಗೆ ಇದರಿಂದ ಸಿಗುವ ನೆಮ್ಮದಿ ದೊಡ್ಡದು. ಫೀಲ್ಡಿನ ಹೆಸರುಗಳನ್ನೂ ಅವರು ಆಡುವ ಮಾತಿನಲ್ಲೇ ಇಡಿ. 'ವೆನ್ಯೂ ರೆಫರೆನ್ಸ್' ಬದಲು 'ಯಾವ ವೇದಿಕೆ' ಎಂದಿದ್ದರೆ ಯಾರೂ ಫೋನ್ ಮಾಡುವುದಿಲ್ಲ.

ಹಾಗಾದರೆ ಯಾವುದು?

ಪುಟದ ರೂಪ ಮುಖ್ಯ, ತುಂಬುವವರೇ ಜೋಡಿಸಿಕೊಳ್ಳಬೇಕು, ಡೇಟಾ ಬೇರೆ ಕಡೆ ಹೋಗುವುದಿಲ್ಲ ಎಂದಾದರೆ ವರ್ಡ್‌ಪ್ರೆಸ್ ಬ್ಲಾಕುಗಳು, ಬೀಗ ಹಾಕಿ. ಎರಡು ಭಾಷೆ, ರಿವಿಷನ್, ಹಲವರ ಕೈ, ಗಟ್ಟಿ ನಿಯಮ ಬೇಕಾದರೆ ಡ್ರೂಪಲ್. ಮೊಬೈಲ್ ಆ್ಯಪ್‌ಗೂ ಸೈಟಿಗೂ ಒಂದೇ ಡೇಟಾ ಎಪಿಐ ಮೂಲಕ ಹೋಗಬೇಕಾದರೆ ಸ್ಟ್ರಾಪಿ. ಸಣ್ಣ ಸೈಟು, ವರ್ಡ್‌ಪ್ರೆಸ್ ಆಗಲೇ ಇದೆ, ಗೂಡು ಒಂದೇ ಮಟ್ಟದ್ದು ಎಂದಾದರೆ ಎಸಿಎಫ್ ಸಾಕು, ಬೇರೆ ಹುಡುಕಬೇಡಿ.

ಎಲ್ಲದರಲ್ಲೂ ನಾನು ಪಾಲಿಸುವ ಗಡಿ ಎರಡು ಮಟ್ಟ. ಪುಟದೊಳಗೆ ಕಾಂಪೊನೆಂಟ್, ಅದರೊಳಗೆ ಇನ್ನೊಂದು, ಅಲ್ಲಿಗೆ ನಿಲ್ಲಿಸುತ್ತೇನೆ. ಮೂರನೆಯದು ಬೇಕು ಅನ್ನಿಸಿದಾಗ ನಡುವಿನದನ್ನು ಎತ್ತಿ ಆಚೆ ಇಟ್ಟು ಕಲೆಕ್ಷನ್ ಮಾಡಿ, ಕೊಂಡಿ ಹಾಕುತ್ತೇನೆ.

ಉತ್ಸವದ ಸೈಟನ್ನೂ ಹಾಗೇ ಬಿಚ್ಚಿ ಕಟ್ಟಿದೆ, ಸ್ಟ್ರಾಪಿಯಲ್ಲೇ. 'ಕಾರ್ಯಕ್ರಮ' ಈಗ ಸ್ವಂತ ಕಲೆಕ್ಷನ್. ಕಲಾವಿದರು ಇನ್ನೊಂದು ಕಲೆಕ್ಷನ್, ನಡುವೆ ಇಮ್ಮುಖದ ರಿಲೇಷನ್. 'ದಿನ' ಎಂಬ ಗೂಡೇ ಇಲ್ಲ, ಕಾರ್ಯಕ್ರಮದಲ್ಲಿ ತಾರೀಕಿನ ಒಂದು ಫೀಲ್ಡು ಇದೆ ಅಷ್ಟೇ. ಪುಟದಲ್ಲಿ ತಾರೀಕಿನ ಪ್ರಕಾರ ಗುಂಪು ಮಾಡಿ ತೋರಿಸುತ್ತದೆ. ತಾರೀಕು, ಸಮಯ, ವೇದಿಕೆ ಎರಡೂ ಭಾಷೆಗೆ ಒಂದೇ. ಟಿಕೆಟ್ ಬಟನ್ ಮಾತ್ರ ಕಾಂಪೊನೆಂಟ್ ಆಗಿ ಉಳಿದಿದೆ. ಮರುವರ್ಷ ಮಳೆಯಿಂದಾಗಿ ಬಯಲಿನ ಮೂರು ನಾಟಕ ಮುಂದಕ್ಕೆ ಹೋದವು. ಮೇಡಂ ಮೂರು ಎಂಟ್ರಿ ತೆರೆದು, ಮೂರು ತಾರೀಕು ಬದಲಿಸಿ, ಮಧ್ಯಾಹ್ನದ ಊಟಕ್ಕೆ ಎದ್ದರು. ನನಗೆ ಗೊತ್ತಾದದ್ದು ಸಂಜೆ, ಸೈಟ್ ನೋಡಿದಾಗ.